ಸಹಾಯ ಬೇಕು: ಮೊಲ್ಚಾತ್ ದೊಮಾ ಮೊದಲ ಆಲ್ಬಂ, ರಷ್ಯನ್ ಗೊತ್ತಿರುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಬೆಲಾರೂಸ್‌ನ ಮಿನ್ಸ್ಕ್‌ನ ಡಾರ್ಕ್‌ವೇವ್ (ಮಂಕು ಧಾಟಿಯ ಎಲೆಕ್ಟ್ರಾನಿಕ್ ರಾಕ್) ಬ್ಯಾಂಡ್ ಮೊಲ್ಚಾತ್ ದೊಮಾ ಗೊತ್ತಲ್ವಾ, ಟಿಕ್‌ಟಾಕ್‌ನಲ್ಲಿ ಓಡಿದ ಅವರ ಹಾಡು ಎರಡನೇ ಆಲ್ಬಂನದು, ನಾನು ಕೇಳುತ್ತಿರುವುದು ಅದಲ್ಲ. 2017ರಲ್ಲಿ ಯಾವ ಕಂಪನಿಯೂ ಇಲ್ಲದೆ ತಾವೇ ಹೊರತಂದ ಮೊದಲನೆಯದು, 'ಸ್ ಕ್ರಿಶ್ ನಾಶಿಖ್ ದಮೋಫ್'. ಅಂದರೆ 'ನಮ್ಮ ಮನೆಗಳ ಛಾವಣಿಗಳಿಂದ'. 2020ರಲ್ಲಿ ಸೇಕ್ರೆಡ್ ಬೋನ್ಸ್ ಅನ್ನೋ ರೆಕಾರ್ಡ್ ಕಂಪನಿ ಮತ್ತೆ ಬಿಡುಗಡೆ ಮಾಡಿತಲ್ಲ, ಆ ಎಲ್‌ಪಿ (ಗ್ರಾಮಫೋನ್ ರೆಕಾರ್ಡ್) ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿತು.

ಡ್ರಮ್ ಮಷೀನ್ ಟಕ್ ಟಕ್ ಅನ್ನುತ್ತದೆ, ಹಾಡುವವನ ದನಿ ನೀರಿನ ಟ್ಯಾಂಕಿನೊಳಗಿಂದ ಬಂದ ಹಾಗಿದೆ. ಒಂದು ಪದವೂ ಅರ್ಥವಾಗುವುದಿಲ್ಲ! ಗೂಗಲ್ ಅನುವಾದ ಸುಮ್ನೆ ನಗೆಪಾಟಲು. ಆ ಕಡೆ ಮೆಡಿಕಲ್ ಓದಿ ಬಂದವರು ಯಾರಾದರೂ ಎರಡು ಹಾಡು ಬಿಡಿಸಿ ಹೇಳುತ್ತೀರಾ? ಇನ್ನೊಂದು, ಎರಡನೇ ಬದಿಯಲ್ಲಿ ಮುಳ್ಳು ಒಂದೇ ಕಡೆ ಎಗರುತ್ತದೆ. ಒರೆಸಿ ನೋಡಿದೆ, ಹೋಗಲಿಲ್ಲ. ಬೆಂಗಳೂರಿನಲ್ಲಿ ರೆಕಾರ್ಡ್ ತೊಳೆದುಕೊಡುವವರು ಇದ್ದರೆ ತಿಳಿಸಿ.