ಮೈಕ್ ಮುಂದೆ ಕೋವಿ ಮಾತು: ವಾಟ್ಸಾಪ್ ಗುಂಪಿನ ಕಾನೂನು ಪ್ರಶ್ನೋತ್ತರ

ಸಿದ್ದಾಪುರದ ತಾಯಿ: ಲಾಯರ್ ಮೇಡಂ, ತೋಟದ ಕಾರ್ಮಿಕರೊಬ್ಬರನ್ನು ಆನೆ ತುಳಿದ ಮೇಲೆ ಪ್ರತಿಭಟನೆ ಆಯ್ತಲ್ಲ, ಅಲ್ಲಿ ನನ್ನ ಮಗ ಮೈಕ್ ಹಿಡಿದು "ಇನ್ನೊಂದು ಹೆಣ ಬಿದ್ದ ಮೇಲೆ ಫಾರೆಸ್ಟಿನವರು ಬರಲಿ, ನಮ್ಮ ಮನೇಲೂ ಕೋವಿ ಇದೆ" ಅಂದ. ಈಗ ಠಾಣೆಯಿಂದ ನೋಟಿಸ್ ಬಂದಿದೆ. ಹೋದ ವರ್ಷ ಅದೇ ಜಾಗದಲ್ಲಿ ಒಬ್ಬ ಮುಖಂಡರು ಇದಕ್ಕಿಂತ ಜೋರಾಗಿ ಮಾತಾಡಿದ್ದರು, ಯಾರೂ ಕೇಳಲಿಲ್ಲ.

ವಕೀಲೆ, ಮಡಿಕೇರಿ: ಅಕ್ಕ, ನೋಟಿಸ್‌ನಲ್ಲಿರುವ ದಿನ ಮಗ ತಪ್ಪದೆ ಹೋಗಲಿ. ಹೋಗದಿದ್ದರೆ ಬಂಧಿಸಲು ಅದೇ ಕಾರಣವಾಗುತ್ತೆ. ಓಡಾಡುತ್ತಿರುವ ತುಣುಕು ಸಾಲದು, ಇಡೀ ಭಾಷಣದ ವಿಡಿಯೊ ಹುಡುಕಿ.

ಘೋಷಣೆ ಕೂಗಿದ ಮಾತ್ರಕ್ಕೆ ಅಪರಾಧವಾಗುವುದಿಲ್ಲ. 1984ರ ಅಕ್ಟೋಬರ್ 31, ಇಂದಿರಾ ಗಾಂಧಿ ಹತ್ಯೆಯಾದ ದಿನ, ಚಂಡೀಗಢದಲ್ಲಿ ಇಬ್ಬರು ಖಾಲಿಸ್ತಾನ್ ಪರ ಕೂಗಿದ್ದರು. 1995ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಬಿಟ್ಟಿತು: ಒಂದೆರಡು ಸಲ ಕೂಗಿದರು, ಜನ ಕಿವಿಗೊಡಲಿಲ್ಲ, ಏನೂ ನಡೆಯಲಿಲ್ಲ. ಮಾತು ಯಾರ ಕಿವಿಗೆ ಬಿತ್ತು, ಅದರಿಂದ ಏನಾಗಬಹುದಿತ್ತು ಅಂತ ನೋಡುತ್ತಾರೆ.

ನನಗೆ ಚಿಂತೆ ಹತ್ತಿರುವುದೂ ಅಲ್ಲೇ. ಬೇರೆ ಊರಲ್ಲಿ ಕೋವಿ ಅಂದರೆ ಬಾಯಿಮಾತು. ನಮ್ಮ ಕೊಡಗಿನಲ್ಲಿ ಕೊಡವರಿಗೆ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೆ 2029ರವರೆಗೆ ಕೋವಿಗೆ ಲೈಸೆನ್ಸೇ ಬೇಡ. ಕೈಲ್‌ಪೊಳ್ದ್ ಹಬ್ಬಕ್ಕೆ ಪೂಜೆ ಮಾಡುವ ಕೋವಿ ನಿಜವಾಗಿಯೂ ಗೋಡೆಯ ಮೇಲಿರುತ್ತೆ. ರಾತ್ರಿ ಆನೆ ಓಡಿಸಲು ಬರುವ ಫಾರೆಸ್ಟ್ ವಾಚರ್ ಕೂಡ ನಮ್ಮ ಪಕ್ಕದೂರಿನ ಹುಡುಗನೇ. ಆ ಮಾತು ಕೇಳಿ ಅವನು ಹೆದರಿದ್ದರೆ ತಪ್ಪೆನ್ನಲಾರೆ. ಮಗನ ಸಿಟ್ಟು ನ್ಯಾಯವೇ, ಆ ಒಂದು ವಾಕ್ಯ ಅಲ್ಲ.

ಮುಖಂಡರ ಮೇಲೂ ಇದೇ ಅಳತೆ ಬೀಳಬೇಕು. ವಿಡಿಯೊ ಇದ್ದರೆ ದೂರು ನಾನೇ ಬರೆದುಕೊಡುತ್ತೇನೆ. ಆದರೆ "ಅವರ ಮೇಲೆ ಕೇಸಿಲ್ಲ" ಅಂದರೆ ಕೋರ್ಟಿನಲ್ಲಿ ಮಗ ಉಳಿಯುವುದಿಲ್ಲ.

ಗೋಣಿಕೊಪ್ಪದಿಂದ: "ಬಂದದ್ದನ್ನು ಹಾಗೇ ಕಳಿಸಿದೆ" ಅಂತ ಬರೆದು ಫಾರ್ವರ್ಡ್ ಮಾಡಿದರೆ ಕೇಸ್ ಬೀಳಲ್ಲವಂತೆ, ಹೌದಾ?

ವಕೀಲೆ: ಸುಳ್ಳು. ಕಳಿಸಿದವರು ನೀವೇ.

ನಾಪೋಕ್ಲುವಿನಿಂದ: ಜಮ್ಮಾ ಜಾಗದ ಪೌತಿ ಖಾತೆಗೆ ಏನೇನು ದಾಖಲೆ ಬೇಕು ಮೇಡಂ?

ವಿರಾಜಪೇಟೆಯಿಂದ: ನಮ್ಮ ಬೀದಿಯವನೊಬ್ಬ, ಕಾಶ್ಮೀರದ 370ನೇ ವಿಧಿ ತೆಗೆದ ಆಗಸ್ಟ್ 5 ಕರಾಳ ದಿನ ಅಂತ ಸ್ಟೇಟಸ್ ಹಾಕಿದ್ದಾನೆ. ಒಳಗೆ ಹಾಕಿಸುವುದು ಹೇಗೆ?

ವಕೀಲೆ: ಆಗಲ್ಲ. ಇಂಥದೇ ಸ್ಟೇಟಸ್ ಹಾಕಿದ್ದ ಕೊಲ್ಹಾಪುರದ ಪ್ರಾಧ್ಯಾಪಕರೊಬ್ಬರ ಮೇಲಿನ ಕೇಸನ್ನು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ರದ್ದು ಮಾಡಿದೆ. ಸರ್ಕಾರದ ನಿರ್ಧಾರವನ್ನು ಟೀಕಿಸುವುದು ಹಕ್ಕು.

ವಿರಾಜಪೇಟೆಯಿಂದ: ಗೊತ್ತಾಯ್ತು ಬಿಡಿ, ನೀವು ಯಾರ ಕಡೆ ಅಂತ.

ಕುಶಾಲನಗರದಿಂದ: ಅಣ್ಣ, 2022ರಲ್ಲಿ ಸಿದ್ದರಾಮಯ್ಯ ಕಾರಿಗೆ ಮೊಟ್ಟೆ ಬಿದ್ದಾಗ ಅದನ್ನು ಜನರ ಆಕ್ರೋಶ ಅಂದವರು ನೀವೇ. ಈಗ ಸ್ಟೇಟಸ್‌ಗೆ ಜೈಲಾ?

ವಿರಾಜಪೇಟೆಯಿಂದ: ಆ ಮೊಟ್ಟೆಗೇ ನಿಮ್ಮ ಕಾಂಗ್ರೆಸ್‌ನವರು ಮಡಿಕೇರಿ ಚಲೋ ಅಂತ ಹೊರಟಿರಲಿಲ್ವಾ? ಅದೇನು ಭಜನೆಗಾ?

ಕುಶಾಲನಗರದಿಂದ: ಮೆರವಣಿಗೆ ಹಕ್ಕು ಕಣಯ್ಯ. ಅದಕ್ಕೂ 144 ಹಾಕಿಸಿದಿರಿ.

ವಿರಾಜಪೇಟೆಯಿಂದ: ಏನಯ್ಯ ಅಂತೆ? ನಾಲಿಗೆ ಹಿಡಿದು ಮಾತಾಡು.

ವಕೀಲೆ: ಇಬ್ಬರೂ ನಿಲ್ಲಿಸಿ. ಕಪ್ಪು ಬಾವುಟ ತೋರಿಸುವುದು ಅಭಿವ್ಯಕ್ತಿ, ಕಾರಿಗೆ ಮೊಟ್ಟೆ ಎಸೆಯುವುದು ಅಲ್ಲ. ಅವತ್ತೂ ಇದನ್ನೇ ಹೇಳಿದ್ದೆ, ಆಗ ಇನ್ನೊಂದು ಕಡೆಯವರು ನನ್ನನ್ನು ಬೈದರು.

ಸೋಮವಾರಪೇಟೆಯಿಂದ: ಹಾಗೇ ಕಳಿಸಿದೆ ಅಂತ ಬರೆದರೆ ಸಾಕಲ್ವಾ ಮೇಡಂ? ಇನ್ನೊಂದು ಗುಂಪಿನಲ್ಲಿ ಬಂದಿತ್ತು. ಇಲ್ಲಾಂದ್ರೆ ಐಟಿ ಕಾಯ್ದೆಯ 66ಎ ಕೇಸ್ ಅಂತೆ.

ವಕೀಲೆ: ಮೇಲೆ ಓದಿ. 66ಎ 2015ರಲ್ಲೇ ರದ್ದಾಗಿದೆ. ಆ ಫಾರ್ವರ್ಡ್ ನಂಬಿ ಕೂತವರು ಕೊನೆಗೆ ಜಾಮೀನು ಕೇಳಿಕೊಂಡು ನನ್ನ ಬಾಗಿಲಿಗೇ ಬರುತ್ತಾರೆ. ದಯವಿಟ್ಟು ಇಲ್ಲಿ ಹಾಕಬೇಡಿ.

ಗೋಣಿಕೊಪ್ಪದಿಂದ: ಕೇಳಿದ್ದಕ್ಕೆ ಇಷ್ಟು ಸಿಟ್ಟು ಯಾಕೆ?

ನಾಪೋಕ್ಲುವಿನಿಂದ: ಪೌತಿ ಖಾತೆ ಮೇಡಂ?

ಸಿದ್ದಾಪುರದ ತಾಯಿ: ಪೂರ್ತಿ ವಿಡಿಯೊ ಸಿಕ್ಕಿತು. ಮೊದಲು "ಕೋರ್ಟಿಗೆ ಹೋಗೋಣ" ಅಂದಿದ್ದಾನೆ, ಕೋವಿ ಮಾತು ಆಮೇಲೆ.

ವಕೀಲೆ: ಒಳ್ಳೆಯದು ಅಕ್ಕ. ಆ ಫೋನನ್ನು ಹಾಗೇ ಇಟ್ಟುಕೊಳ್ಳಿ, ಏನನ್ನೂ ಅಳಿಸಬೇಡಿ. ನಾಳೆ ಒಂಬತ್ತಕ್ಕೆ ಮಗನನ್ನು ಕರೆದುಕೊಂಡು ಆಫೀಸಿಗೆ ಬನ್ನಿ.