ಪೇರಲ ಬುಡದಲ್ಲಿ ಕೆಂಪಾಗಿ ಸತ್ತ ಗೊಣ್ಣೆ ಹುಳು: ಕೀಟತಜ್ಞೆಯೊಂದಿಗೆ ರೈತರ ಗುಂಪಿನ ಪ್ರಶ್ನೋತ್ತರ (ಕೇಳಿದವರ ಊರಿನ ಹೆಸರಷ್ಟೇ ಕೊಟ್ಟಿದೆ)

ಹಾನಗಲ್: ಮೇಡಂ, ಮಾವಿನ ಹಣ್ಣುನೊಣಕ್ಕೆ ಮಣ್ಣಿನಲ್ಲಿ ಶತ್ರುಗಳಿವೆಯೇ?

ಕೀಟತಜ್ಞೆ: ಇವೆ. ಉದುರಿದ ಹಣ್ಣಿನಿಂದ ಹುಳು ಮಣ್ಣಿಗಿಳಿದು ಕೋಶವಾಗುತ್ತದೆ. ಇರುವೆ, ನೆಲದ ಜೀರುಂಡೆ, ಮೆಟಾರೈಜಿಯಂ ಶಿಲೀಂಧ್ರ ಅಲ್ಲಿಯೇ ಅದನ್ನು ಮುಗಿಸುತ್ತವೆ. ಹಾಗೆಂದು ಬಿದ್ದ ಹಣ್ಣು ಆರಿಸುವುದನ್ನು ಬಿಡಬೇಡಿ.

ಗದಗ: ಮರಕ್ಕೊಂದು ಕಿಲೊ ಉಪ್ಪು ಹಾಕಿದರೆ ಬೇರು ತಿನ್ನುವ ಗೊಣ್ಣೆ ಹುಳು ಸಾಯುತ್ತದೆಂದು ವಾಟ್ಸ್ಆ್ಯಪ್‌ನಲ್ಲಿ ಬಂದಿದೆ.

ಕೀಟತಜ್ಞೆ: ಮರವೇ ಮೊದಲು ಸಾಯುತ್ತದೆ. ಎರೆ ಭೂಮಿಯಲ್ಲಿ ನೀರು ಬೇಗ ಬಸಿಯುವುದಿಲ್ಲ, ಉಪ್ಪು ಬೇರಿನ ಬಳಿಯೇ ಕೂರುತ್ತದೆ. ಇಂಥದ್ದನ್ನು ಇಲ್ಲಿ ಹಂಚಬೇಡಿ.

ಕಲಘಟಗಿ: ಸೊರಗಿದ ಪೇರಲ ಸಸಿ ಕಿತ್ತಾಗ ಬುಡದಲ್ಲಿ ಗೊಣ್ಣೆ ಹುಳುಗಳಿದ್ದವು. ಕೆಲವು ಸತ್ತು ಇಟ್ಟಿಗೆಯ ಬಣ್ಣಕ್ಕೆ ತಿರುಗಿವೆ, ನಾರುತ್ತಿಲ್ಲ. ನಾಳೆ ಕ್ಲೋರೋಪೈರಿಫಾಸ್ ಕೀಟನಾಶಕ ಸುರಿಯಲೇ?

ಕೀಟತಜ್ಞೆ: ತಡೆಯಿರಿ! ಆ ಬಣ್ಣ, ನಾತವಿಲ್ಲದ ಶವ ಎರಡನ್ನೂ ಕೇಳಿದರೆ ಹೆಟೆರೊರಾಬ್ಡೈಟಿಸ್ ಎಂಬ ಮಣ್ಣಿನ ಜಂತುಹುಳುವಿನ ಮೇಲೆಯೇ ನನ್ನ ಅನುಮಾನ. ಅರ್ಧ ಮಿಲಿಮೀಟರ್ ಆಸುಪಾಸಿನ ಈ ಜೀವಿ ಕೀಟದ ಮೈಹೊಕ್ಕು, ತಾನು ಹೊತ್ತು ತಂದ ಬ್ಯಾಕ್ಟೀರಿಯಾವನ್ನು ಒಳಗೆ ಬಿಡುತ್ತದೆ. ಎಷ್ಟೋ ಕೀಟಗಳು ಎರಡೇ ದಿನದಲ್ಲಿ ಸಾಯುತ್ತವೆ. ದಪ್ಪ ಗೊಣ್ಣೆ ಹುಳು ಇನ್ನಷ್ಟು ತಾಳುತ್ತದೆ. ಶವಕ್ಕೆ ಕೆಂಪು ಬರುವುದೂ ಅದು ಕೊಳೆಯದಿರುವುದೂ ಆ ಬ್ಯಾಕ್ಟೀರಿಯಾದಿಂದಲೇ. ಈ ಜಂತುಹುಳುವಿನ ಇಂಡಿಕಾ ಎಂಬ ಪ್ರಭೇದವನ್ನು 1992ರಲ್ಲಿ ಮೊದಲು ವರ್ಣಿಸಿದ್ದು ಕೊಯಮತ್ತೂರಿನಲ್ಲಿ ಸಿಕ್ಕ ಮಾದರಿಯಿಂದ.

ಅನುಮಾನ ಪರೀಕ್ಷಿಸಲು ಬಟ್ಟಲಲ್ಲಿ ಸ್ವಲ್ಪ ನೀರು ಹಾಕಿ, ನಡುವೆ ಮಗುಚಿದ ಮುಚ್ಚಳದ ಮೇಲೆ ಒದ್ದೆ ಕಾಗದ ಹಾಸಿ, ಅದರ ಅಂಚು ನೀರಿಗೆ ತಾಗಲಿ. ಮೇಲೆ ಒಂದು ಶವವಿಟ್ಟು ಎರಡು ವಾರ ಕಾಯಿರಿ. ನೀರಿನಲ್ಲಿ ಬಿಳಿ ಎಳೆಗಳು ಹೊರಳಾಡಿದರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮದರ್ಶಕದಡಿ ತೋರಿಸಿ; ಕೊಳೆತದ್ದನ್ನು ತಿನ್ನುವ ಜಂತುಗಳೂ ಹೀಗೆಯೇ ಕಾಣುತ್ತವೆ. ಬದುಕಿರುವ ಗೊಣ್ಣೆ ಹುಳುಗಳನ್ನು ಕೈಯಿಂದ ಆರಿಸಿ. ಬುಡ ಒಣಗದಂತೆ ಹೊದಿಕೆ ಹಾಕಿ. ನನ್ನ ಚಿಂತೆ ಇನ್ನೊಂದು: ಸಸಿಯ ಬೇರಿನಲ್ಲಿ ಗಂಟುಗಳಿದ್ದವೇ?

ಬ್ಯಾಡಗಿ: ಗಂಟು ಕಟ್ಟುವುದೂ ಜಂತುಹುಳುವೇ ಅಲ್ಲವೇ? ಅದನ್ನೇ ಸಾಕಲು ಹೇಳುತ್ತೀರಾ?

ಕೀಟತಜ್ಞೆ: ಅದು ಬೇರೆ ಜಾತಿ. ಇದು ಬೇರನ್ನು ಮುಟ್ಟುವುದಿಲ್ಲ.

ಹುಬ್ಬಳ್ಳಿ: ಇದರ ಪುಡಿ ಎಲ್ಲಿ ಸಿಗುತ್ತದೆ?

ಶಿಗ್ಗಾವಿ: ಇಷ್ಟೆಲ್ಲ ಏಕೆ? ಕೋಳಿ ಬಿಡಿ, ಕೆದರಿ ತಿನ್ನುತ್ತವೆ.

ಕುಂದಗೋಳ: ಎರೆಹುಳುವನ್ನೂ ತಿನ್ನುತ್ತವೆ, ಕಾಕಾ.

ಶಿಗ್ಗಾವಿ: ತೋಟವಿಲ್ಲದವರು ಬುದ್ಧಿ ಹೇಳಬಾರದು.

ಕುಂದಗೋಳ: ತೋಟವೂ ಇದೆ, ಕೋಳಿಯೂ ಇದ್ದವು. ಎಳೆ ಸಸಿಗಳ ಬೇರು ಬಯಲು ಮಾಡಿದ ಮೇಲೆ ಮಾರಿದೆ.

ಗದಗ: ಉಪ್ಪು ಅರ್ಧ ಕಿಲೊ ಆದರೆ?

ಕೀಟತಜ್ಞೆ: ಇಲ್ಲ.

ಹಿರೇಕೆರೂರು: ಮೆಟಾರೈಜಿಯಂ ಜೊತೆ ಬೋರ್ಡೊ ದ್ರಾವಣ ಬೆರೆಸಬಹುದೇ?

ಕೀಟತಜ್ಞೆ: ಬೇಡ. ಬೋರ್ಡೊ ಶಿಲೀಂಧ್ರ ಕೊಲ್ಲಲೆಂದೇ ಇರುವುದು. ಎಷ್ಟು ಸಲ ಹೇಳಲಿ?

ಹುಬ್ಬಳ್ಳಿ: ಪುಡಿ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೆ.

ಶಿಗ್ಗಾವಿ: ಸಾಕುವುದು ತಿಳಿಯದೆ ಕೋಳಿಯನ್ನು ದೂರುತ್ತಾರೆ.

ಕಲಘಟಗಿ: ಮೇಡಂ, ಔಷಧಿ ತಂದಾಗಿದೆ. ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲವಂತೆ.

ಕೀಟತಜ್ಞೆ: ಡಬ್ಬಿಯ ಮುಚ್ಚಳ ತೆಗೆಯಬೇಡಿ. ಬೇರಿನ ಫೋಟೊ ಹಾಕಿ. ಕೋಳಿ ಜಗಳದವರು ದಯವಿಟ್ಟು ಫೋನಿನಲ್ಲಿ ಮಾತಾಡಿಕೊಳ್ಳಿ.