ಟ್ರೈಕೋಡರ್ಮಾ ಟ್ಯಾಂಕಿನಲ್ಲಿ ಡಿಒ (ಕರಗಿದ ಆಮ್ಲಜನಕ) ಕುಸಿಯುತ್ತಿದೆ, ಆರ್‌ಪಿಎಂ (ಕಲಕುವ ವೇಗ) ಏರಿಸಿದರೆ ಸಾಕಾ?

ಮೇಘಾ: 10 ಲೀಟರ್ ಫರ್ಮೆಂಟರಿನಲ್ಲಿ ಟ್ರೈಕೋಡರ್ಮಾ ರೀಸೈ ಎಂಬ ಫಂಗಸ್‌ನ ರುಟ್-ಸಿ30 ತಳಿ ಬೆಳೆಸುತ್ತಿದ್ದೇವೆ. ಬೇಕಿರುವುದು ಸೆಲ್ಯುಲೇಸ್, ಅಂದರೆ ಸಸ್ಯದ ನಾರನ್ನು ಒಡೆಯುವ ಕಿಣ್ವ. ಎರಡನೇ ದಿನಕ್ಕೆ ದ್ರವ ಗಂಜಿಯ ಹಾಗೆ ಮಂದವಾಗುತ್ತದೆ, ಡಿಒ ಶೇ. 10ಕ್ಕಿಂತ ಕೆಳಗಿಳಿಯುತ್ತದೆ. ಆರ್‌ಪಿಎಂ ಏರಿಸಿದರೆ ಡಿಒ ಮೇಲೆ ಬರುತ್ತದೆ, ಆದರೆ ಕಿಣ್ವ ಜಾಸ್ತಿಯಾಗುತ್ತಿಲ್ಲ.

ಪ್ರಕಾಶ್: ಇನ್ನೂ ಏರಿಸಿ. 30 ಡಿಗ್ರಿಯ ನೀರಿನಲ್ಲಿ ಗಾಳಿಯಿಂದ ಕರಗುವ ಆಮ್ಲಜನಕ ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಅಷ್ಟೇ. ದಟ್ಟವಾಗಿ ಬೆಳೆದ ಫಂಗಸ್ ಅದನ್ನು ಒಂದು ನಿಮಿಷದೊಳಗೆ ಮುಗಿಸಿಬಿಡುತ್ತದೆ. ಸಾಲದಿದ್ದರೆ ಗಾಳಿಗೆ ಶುದ್ಧ ಆಮ್ಲಜನಕ ಬೆರೆಸಿ.

ಸುಧಾ: ಪ್ರಕಾಶ್ ಸರ್, ಇದನ್ನು ಒಪ್ಪುವುದು ಕಷ್ಟ. ಆರ್‌ಪಿಎಂ ದುಪ್ಪಟ್ಟು ಮಾಡಿದರೆ ಕಲಕಲು ಬೇಕಾದ ಶಕ್ತಿ ಸುಮಾರು 8 ಪಟ್ಟಾಗುತ್ತದೆ. ಪುಟ್ಟ ಟ್ಯಾಂಕಿನಲ್ಲಿ ಗೊತ್ತಾಗುವುದಿಲ್ಲ, ಕಾರ್ಖಾನೆಯಲ್ಲಿ ಕರೆಂಟ್ ಬಿಲ್ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಕಲಕುವ ರಷ್ಟನ್ ಬ್ಲೇಡು ಫಂಗಸ್‌ನ ಎಳೆಗಳನ್ನೂ ತುಂಡು ಮಾಡುತ್ತದೆ. ಮೇಘಾ, ಫಂಗಸ್‌ಗೆ ಊಟವಾಗಿ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಹೇಗೆ ಕೊಡುತ್ತಿದ್ದೀರಿ?

ಮೇಘಾ: ಪೂರ್ತಿ ಮೊದಲೇ ಹಾಕುತ್ತೇವೆ ಮೇಡಂ.

ಸುಧಾ: ಅಲ್ಲೇ ಇದೆ ನೋಡಿ. ಎಲ್ಲ ಒಂದೇ ಸಲ ಸಿಕ್ಕರೆ ಫಂಗಸ್ ಮೈ ಬೆಳೆಸಿಕೊಳ್ಳುತ್ತದೆ, ಆಮ್ಲಜನಕವೆಲ್ಲ ಅದಕ್ಕೇ ಹೋಗುತ್ತದೆ. ನಿಧಾನವಾಗಿ ಬೆಳೆಯುವಾಗಲೇ ಇದು ಸೆಲ್ಯುಲೇಸ್ ಚೆನ್ನಾಗಿ ಸ್ರವಿಸುವುದು. ಈ ತಳಿಯಲ್ಲಿ ಸಿಆರ್‌ಇ1 ಜೀನ್ ತುಂಡಾಗಿದೆ, ಹಾಗಾಗಿ ಕಿಣ್ವ ತಯಾರಿಗೆ ಗ್ಲೂಕೋಸ್ ಒಡ್ಡುವ ತಡೆ ಸಡಿಲ. ಆದರೆ ತಡೆ ಸಡಿಲವಾಯಿತು ಅಂತ ಊಟ ಸುರಿಯಬಾರದು. ಸ್ವಲ್ಪದರಲ್ಲಿ ಶುರು ಮಾಡಿ, ಅದು ಮುಗಿದ ಮೇಲೆ ಲ್ಯಾಕ್ಟೋಸ್ ಹನಿ ಹನಿಯಾಗಿ ಬಿಡಿ. ಡಿಒ ಶೇ. 30ಕ್ಕಿಂತ ಇಳಿದರೆ ಫೀಡ್ ಪಂಪು ತಾನಾಗಿ ನಿಧಾನವಾಗುವಂತೆ ಜೋಡಿಸಿ.

ಪ್ರಕಾಶ್: ಹೀಗೆ ಊಟ ಸ್ವಲ್ಪಸ್ವಲ್ಪವೇ ಕೊಡುವ ಫೆಡ್-ಬ್ಯಾಚ್ ಒಳ್ಳೆಯದೇ. ಆದರೆ ಟ್ಯಾಂಕು ಎಷ್ಟು ದಿನ ಸಿಕ್ಕಿಹಾಕಿಕೊಳ್ಳುತ್ತದೆ, ಲೆಕ್ಕ ಹಾಕಿದ್ದೀರಾ? ಕೊನೆಯ ದಿನಗಳಲ್ಲಿ ಪ್ರೋಟೀನ್ ಒಡೆಯುವ ಪ್ರೋಟಿಯೇಸ್ ಬಂದು ಇದ್ದ ಕಿಣ್ವವನ್ನೂ ಕಡಿಯಬಹುದು. ದಿನಕ್ಕೆ, ಲೀಟರಿಗೆ ಎಷ್ಟು ಸಿಕ್ಕಿತು ಅನ್ನುವುದೇ ನನಗೆ ಮುಖ್ಯ.

ಇರ್ಫಾನ್: ಟ್ಯಾಂಕೇ ಯಾಕೆ ಬೇಕು? ಈ ಫಂಗಸ್ ಮೊದಲು ಸಿಕ್ಕಿದ್ದೇ ಎರಡನೇ ಮಹಾಯುದ್ಧದ ಹೊತ್ತಿಗೆ, ಸಾಲೊಮನ್ ದ್ವೀಪಗಳಲ್ಲಿ ಸೇನೆಯ ಹತ್ತಿ ಬಟ್ಟೆ ಕೊಳೆಯುತ್ತಿದ್ದಾಗ. ಗಟ್ಟಿ ವಸ್ತುವಿನ ಮೇಲೆ ಬೆಳೆಯುವುದು ಅದಕ್ಕೆ ಸಹಜ. ಜಪಾನಿನ ರಸಾಯನ ವಿಜ್ಞಾನಿ ತಾಕಾಮಿನೆ 1894ರಲ್ಲೇ ಗೋಧಿ ಬೂಸಾದ ಮೇಲೆ ಆಸ್ಪರ್ಜಿಲಸ್ ಫಂಗಸ್ ಬೆಳೆಸಿ ಪಿಷ್ಟ ಒಡೆಯುವ ಡಯಾಸ್ಟೇಸ್ ಕಿಣ್ವ ತೆಗೆದು ಪೇಟೆಂಟ್ ಪಡೆದಿದ್ದರು. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲೂ ಇಂಥ ಘನ ಹುದುಗುವಿಕೆಯ ಮೇಲೆ ವರ್ಷಗಟ್ಟಲೆ ಕೆಲಸವಾಗಿದೆ. ಬೂಸಾ ಅಗ್ಗ, ನೀರೂ ಕಡಿಮೆ.

ಸುಧಾ: ಇರ್ಫಾನ್, ಬೂಸಾ ಹರಡಿದ ಟ್ರೇ ಮಧ್ಯಕ್ಕೆ ಥರ್ಮಾಮೀಟರ್ ಚುಚ್ಚಿ ನೋಡಿ. ಅಂಚು ತಣ್ಣಗಿರುತ್ತದೆ, ನಡುವೆ ಬಿಸಿ ಏರಿರುತ್ತದೆ. ಗಾಳಿ ಊದಿದರೆ ಬೂಸಾ ಒಣಗುತ್ತದೆ. ಟ್ರೇ ದಪ್ಪ ಮಾಡಿದಷ್ಟೂ ಈ ಕಾಟ ಹೆಚ್ಚು.

ಇರ್ಫಾನ್: ತೇವದ ಗಾಳಿ ಊದಬೇಕು ಮೇಡಂ, ಪದರ ತೆಳ್ಳಗಿಡಬೇಕು. ಜಾಗ ಜಾಸ್ತಿ ಬೇಕು, ಅದು ನಿಜ. ಸಣ್ಣ ಘಟಕಕ್ಕೆ ಅದು ದೊಡ್ಡ ಟ್ಯಾಂಕಿಗಿಂತ ಅಗ್ಗ.

ಮೇಘಾ: ನಮ್ಮ ಹತ್ತಿರ ಸದ್ಯ ಟ್ಯಾಂಕೇ ಇರುವುದು. ಆರ್‌ಪಿಎಂ ಹಾಗೇ ಇಟ್ಟು ಫೀಡ್ ಮಾತ್ರ ಬದಲಿಸಿ ನೋಡುತ್ತೇವೆ.

ಪ್ರಕಾಶ್: ಮಾಡಿ. ಬರೀ ಡಿಒ ಬರೆದಿಡಬೇಡಿ. ಫಂಗಸ್‌ನ ಒಣ ತೂಕ, ಕಿಣ್ವದ ಚಟುವಟಿಕೆ ಎರಡನ್ನೂ ದಿನಾ ಅಳೆಯಿರಿ. ಇನ್ನೊಂದು, ನೊರೆ ಬಂತು ಅಂತ ಆಂಟಿಫೋಮ್ ಸುಮ್ನೆ ಸುರಿಯಬೇಡಿ. ಗುಳ್ಳೆಗಳು ಒಂದಕ್ಕೊಂದು ಕೂಡಿ ದೊಡ್ಡದಾಗುತ್ತವೆ, ಆಮ್ಲಜನಕ ಕರಗುವುದೇ ಕಡಿಮೆಯಾಗುತ್ತದೆ. ಆಮೇಲೆ ತಪ್ಪು ಫೀಡ್‌ನದ್ದೋ ಆಂಟಿಫೋಮ್‌ನದ್ದೋ ಗೊತ್ತಾಗುವುದಿಲ್ಲ.